ಗೋಡೆಯ ಕೆಳಗಿನ ಮೂರು ಅಡಿ

ರಸ್ತೆ ಗೋಡೆಗೆ ಚಿತ್ರ ಬರೆಯೋದು ಹೇಗೆ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಬಣ್ಣ ಯಾವುದು, ಬ್ರಷ್ ಯಾವುದು, ಚಿಕ್ಕ ಸ್ಕೆಚ್ಚನ್ನು ಅಷ್ಟು ದೊಡ್ಡದು ಹೇಗೆ ಮಾಡುತ್ತೀರಿ ಅಂತ. ಕೆಳಗಿನ ಮೂರು ಅಡಿಗೆ ಏನು ಮಾಡುತ್ತೀರಿ ಅಂತ ಮಾತ್ರ ಒಬ್ಬರೂ ಕೇಳಿಲ್ಲ. ಮೊದಲ ಗೋಡೆ ಬರೆದಾಗ ನಾನೂ ಅದನ್ನು ಯೋಚಿಸಿರಲಿಲ್ಲ.

ಅದು ಬೆಂಗಳೂರಿನ ಒಂದು ಅಂಡರ್‌ಪಾಸ್. ಉದ್ದ 60 ಅಡಿ, ಎತ್ತರ 11. ನಾಲ್ಕು ಜನ, ಒಂಬತ್ತು ದಿನ. ಹೂ ಮಾರುವ ಹೆಂಗಸಿನ ದೊಡ್ಡ ಮುಖ, ಪಕ್ಕದಲ್ಲಿ ಬುಟ್ಟಿ, ಬುಟ್ಟಿಯಿಂದ ನೆಲದವರೆಗೆ ಇಳಿಯುವ ಮಲ್ಲಿಗೆ. ಬಿಳಿ ಮಲ್ಲಿಗೆ, ಅದೂ ನೆಲಕ್ಕೆ ತಾಗಿ, ಬೆಂಗಳೂರಿನ ರಸ್ತೆ ಪಕ್ಕ! ಮೊದಲ ಮಳೆಗೇ ಬಸ್ಸುಗಳು ಕೆಸರು ಎರಚಿದವು, ಆಮೇಲೆ ಗುಟ್ಕಾ, ಆಮೇಲಿನದು ನಿಮಗೆ ಗೊತ್ತೇ ಇದೆ.

ಅದಕ್ಕಿಂತ ದೊಡ್ಡ ಅವಾಂತರ ಇನ್ನೊಂದು. ಗೋಡೆಯ ಹಿಂದೆ ಮಣ್ಣಿದ್ದರೆ ನೀರು ಹೊರಗೆ ಬರಲಿ ಅಂತ ಅಲ್ಲಲ್ಲಿ ಪೈಪಿನ ತೂತು ಬಿಟ್ಟಿರುತ್ತಾರೆ. ಅದರಲ್ಲಿ ಒಂದು ಸರಿಯಾಗಿ ಆ ಹೆಂಗಸಿನ ಎಡಗಣ್ಣಿನ ಕೆಳಗೆ ಬಂದಿತ್ತು. ಬಣ್ಣ ಹಚ್ಚಿದರೆ ಕಾಣಲ್ಲ ಬಿಡು ಅಂದುಕೊಂಡೆವು. ಮಳೆ ಬಂದ ಮಾರನೇ ದಿನ ಹೋಗಿ ನೋಡಿದರೆ ಕೆನ್ನೆ ಮೇಲೆ ಉದ್ದಕ್ಕೆ ಕಂದು ನೀರಿನ ಗೆರೆ. ಎದುರಿನ ಟೀ ಅಂಗಡಿಯವರು, "ಏನ್ ಸಾರ್, ಪೇಮೆಂಟ್ ಆಗಿಲ್ವಾ? ಅಮ್ಮ ಅಳ್ತಾವ್ಳೆ" ಅಂದರು. ಪೇಮೆಂಟೂ ಆಗಿರಲಿಲ್ಲ ಅನ್ನೋದು ಬೇರೆ ಮಾತು.

ಎರಡನೇ ಗೋಡೆಗೆ ಜೊತೆಗೆ ಬಂದವರು ಹಿಂದೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಹಿರಿಯರೊಬ್ಬರು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಹೋಗಿತ್ತು. 2009ರ ಸುಮಾರಿಗೆ ಪಾಲಿಕೆ ನಗರದ ಗೋಡೆಗಳ ಮೇಲೆ ಕಾಡು, ಪ್ರಾಣಿ, ಸ್ಮಾರಕ ಅಂತ ಬರೆಸಿತಲ್ಲ, ಆಗ ಕೆಲಸ ಸಿಕ್ಕಿದ್ದು ಇಂಥ ಬ್ಯಾನರ್ ಕಲಾವಿದರಿಗೇ. ಕಾಲೇಜಿನಲ್ಲಿ ನಾವು ಅದನ್ನೆಲ್ಲ ಕ್ಯಾಲೆಂಡರ್ ಚಿತ್ರ ಅಂತ ಆಡಿಕೊಳ್ಳುತ್ತಿದ್ದೆವು. ಈ ಹಿರಿಯರು ನನ್ನ ಸ್ಕೆಚ್ ಕಡೆ ತಿರುಗಿಯೂ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಗೋಡೆಯ ಬುಡವನ್ನು ಉಗುರಿನಲ್ಲಿ ಕೆರೆದರು. ಬಿಳಿ ಪುಡಿ ಉದುರಿತು. "ಉಪ್ಪು ಬಿಟ್ಟೈತೆ. ಮೊದಲು ಇದನ್ನ ಉಜ್ಜಿ ತೊಳಿ. ಕೆಳಗೆ ಕೆಮ್ಮಣ್ಣು ಬಣ್ಣದ ಪಟ್ಟೆ ಹೊಡಿ. ಮೇಲೆ ಏನ್ ಬೇಕಾದ್ರೂ ಬರ್ಕೋ" ಅಂದರು.

ಅಷ್ಟೇ ವಿಷಯ. ಊರ ಕಡೆ ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯೋದು ಅದಕ್ಕೇ ಅಲ್ವಾ, ಸೂರಿನ ನೀರು ಬಿದ್ದು ಎರಚೋದು ಅಲ್ಲಿಗೇ. ಮಲೆನಾಡಿನ ದೀವರು ಮನೆಗೋಡೆಗೆ ಬರೆಯುವ ಹಸೆ ಚಿತ್ತಾರವೂ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಗೆರೆ. ದಿ ಅಗ್ಲಿ ಇಂಡಿಯನ್ ತಂಡದವರು ಬೆಂಗಳೂರಿನ ಗಲೀಜು ಮೂಲೆಗಳನ್ನು ಸರಿ ಮಾಡುವಾಗ ಗೋಡೆಯ ಕೆಳಭಾಗಕ್ಕೆ ಬಳಿಯುವುದೂ ಇದೇ ಕೆಂಪು. ಕಲೆ ಬಿದ್ದರೂ ಕಾಣಲ್ಲ (ಯಾವ ಕಲೆ ಅಂತ ಕೇಳಬೇಡಿ). ಇನ್ನೊಂದು ಲಾಭ, ಈ ಕೆಂಪು ಕಬ್ಬಿಣದ ಆಕ್ಸೈಡು, ಬಿಸಿಲಿಗೆ ಮಾಸಲ್ಲ. ನಾವು ಆಸೆಪಟ್ಟು ಹಚ್ಚುವ ಗುಲಾಬಿ, ನಿಂಬೆ ಹಳದಿಗಳೇ ಮೊದಲು ಬಿಳಚಿಕೊಳ್ಳೋದು.

ಹಾಗಾಗಿ ಈ ಸಲ ಕೆಳಗಿನಿಂದ ಶುರು ಮಾಡಿದೆವು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಹೊರಗೋಡೆಯ ಪ್ರೈಮರ್, ಅದರ ಮೇಲೆ ಅಕ್ರಿಲಿಕ್ ಎಮಲ್ಷನ್. ಚಿತ್ರ ದೊಡ್ಡದು ಮಾಡಲು ನಾನು ಗೋಡೆ ತುಂಬ ಸುಮ್ನೆ ಗೀಚಿ, ಫೋಟೋ ತೆಗೆದು, ಮೊಬೈಲಿನಲ್ಲಿ ಅದರ ಮೇಲೆ ಸ್ಕೆಚ್ ಕೂರಿಸಿ, ಯಾವ ಗೀಚಿನ ಹತ್ತಿರ ಯಾವ ಗೆರೆ ಅಂತ ನೋಡಿಕೊಂಡು ಬರೆಯುತ್ತೇನೆ. ಆ ಹಿರಿಯರು ದಾರಕ್ಕೆ ನೀಲಿ ಪುಡಿ ಸವರಿ, ಎಳೆದು ಚಟ್ ಅಂತ ಹೊಡೆದು ಚೌಕ ಹಾಕುತ್ತಾರೆ. ನಾನು ಮೊಬೈಲ್ ನೋಡುತ್ತ ನಿಂತಿರುವಾಗ ಅವರ ಅರ್ಧ ಗೋಡೆ ಮುಗಿದಿತ್ತು. ಸಣ್ಣ ಸಣ್ಣ ವಿವರಗಳನ್ನೂ ಅವರೇ ಕಿತ್ತು ಹಾಕಿಸಿದರು. ಲೆಕ್ಕ ಹಾಕಿ ನೋಡಿ, 40 ಕಿ.ಮೀ. ವೇಗದ ಬೈಕು 60 ಅಡಿ ದಾಟೋದಕ್ಕೆ ಎರಡು ಸೆಕೆಂಡೂ ಬೇಡ. ನಮ್ಮ ಟ್ರಾಫಿಕ್ಕಿನಲ್ಲಿ ಆ ವೇಗ ರಾತ್ರಿ ಮಾತ್ರ ಸಿಗೋದು, ಇರಲಿ.

ತೂತುಗಳನ್ನು ಈ ಸಲ ಮುಚ್ಚಲಿಲ್ಲ, ಮೊದಲೇ ಅಳತೆ ತೆಗೆದು ಸ್ಕೆಚ್ಚಿನಲ್ಲಿ ಗುರುತು ಹಾಕಿಕೊಂಡೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಮಲಗಿಸಿದ್ದರಲ್ಲ, ಅಲ್ಲಿ ಗುಂಡಿ ಇಲ್ಲದಿದ್ದರೆ ಮೊಸಳೆಗೆ ಅರ್ಥವೇ ಇಲ್ಲ. ಅದು ತಲೆಯಲ್ಲಿತ್ತು. ಒಂದೊಂದು ತೂತೂ ಒಂದೊಂದು ಬಗ್ಗಿಸಿದ ಕೊಡದ ಬಾಯಿ ಆಯಿತು, ಒಟ್ಟು ಏಳು ಕೊಡ. ಮಳೆ ಬಂದರೆ ನಿಜವಾಗಿಯೂ ನೀರು ಸುರಿಯುತ್ತದೆ, ಗೆರೆ ಬಿದ್ದರೂ ಕೊಡದಿಂದಲೇ ಬಿದ್ದ ಹಾಗೆ.

ಮೂತ್ರ ಮಾಡೋದು ನಿಂತಿತಾ ಅಂತ ಕೇಳಬಹುದು. ಚಿತ್ರದಿಂದ ನಿಲ್ಲಲಿಲ್ಲ. ದೇವರ ಟೈಲ್ಸ್ ಅಂಟಿಸಿ ಅಂದವರಿದ್ದರು, ನನಗೆ ಮನಸ್ಸಾಗಲಿಲ್ಲ, ದೇವರನ್ನು ಅಲ್ಲಿ ಕಾವಲಿಗೆ ನಿಲ್ಲಿಸೋದಾ? ಕೆಟ್ಟುಹೋಗಿದ್ದ ಬೀದಿದೀಪ ಹತ್ತಿದ ಮೇಲೆ ಕಡಿಮೆಯಾಯಿತು. ಹೊಸ ಗೋಡೆ ಒಪ್ಪಿಕೊಳ್ಳುವಾಗ ಈಗ ಬಣ್ಣದ ದುಡ್ಡಿಗಿಂತ ಮೊದಲು ದೀಪದ ಮಾತು ತೆಗೆಯುತ್ತೇನೆ.

ಕಳೆದ ಮಳೆಗಾಲದಲ್ಲಿ ಏಳು ಕೊಡಗಳಲ್ಲಿ ಐದರಿಂದ ಮಾತ್ರ ನೀರು ಬಂತು. ಎರಡರಲ್ಲಿ ಕಸ ಕಟ್ಟಿಕೊಂಡಿದೆ. ಈ ಸಲ ಮಳೆ ಶುರುವಾಗೋ ಮುಂಚೆ ಕಂಬಿ ತೆಗೆದುಕೊಂಡು ಹೋಗಿ ಬಿಡಿಸಬೇಕು.