ರಿಕವರಿ ಗಾಡಿಯ ಏರ್ ಫಿಲ್ಟರ್: ಕಂಪನಿಯದ್ದು ಎಲ್ಲಿ ಬೇಕು, ಹೊರಗಿನದ್ದು ಎಲ್ಲಿ ಸಾಕು

ಲೈನ್ ಲಾರಿ ಧೂಳಿನ ಜಾಗ ದಾಟಿ ಮುಂದೆ ಹೋಗುತ್ತದೆ. ಕೆಟ್ಟು ನಿಂತ ಗಾಡಿ ಎತ್ತುವ ರಿಕವರಿ ಗಾಡಿ ಅದೇ ಧೂಳಿನಲ್ಲಿ ನಿಂತು ಕೆಲಸ ಮಾಡುತ್ತದೆ. ನಮ್ಮ ಕಾಸರಗೋಡು ಕಡೆ ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿ 66 ಇರಲಿ, ಚೆರ್ಕಳದಿಂದ ಬದಿಯಡ್ಕ, ಪೆರ್ಲ ಮೇಲೆ ಕಲ್ಲಡ್ಕಕ್ಕೆ ಹೋಗುವ ರಸ್ತೆ ಇರಲಿ, ಕೆಟ್ಟ ಗಾಡಿ ನಿಲ್ಲುವುದು ಡಾಂಬರಿನ ಹೊರಗೆ, ಕೆಂಪು ಮಣ್ಣಿನ ಮೇಲೆ. ಪಿಟಿಒ (ಇಂಜಿನ್ ಬಲವನ್ನು ಬೆಡ್, ವಿಂಚ್‌ಗೆ ಕೊಡುವ ಜೋಡಣೆ) ಹಾಕಿ, ಬೆಡ್ ಜಾರಿಸಿ, ವಿಂಚ್ ಎಳೆಯುವಾಗ ಇಂಜಿನ್ ಅರ್ಧ ಗಂಟೆ, ಮುಕ್ಕಾಲು ಗಂಟೆ ಒಂದೇ ಕಡೆ ಓಡುತ್ತಿರುತ್ತದೆ. ಪಕ್ಕದಲ್ಲಿ ಹೋಗುವ ಟಿಪ್ಪರ್ ಎಬ್ಬಿಸಿದ ಧೂಳೆಲ್ಲ ಇನ್‌ಟೇಕ್‌ನ ಬಾಯಿಗೆ. ಮೀಟರ್‌ನಲ್ಲಿ ಮಾತ್ರ ಒಂದು ಕಿಲೋಮೀಟರ್ ಕೂಡ ಏರಿರುವುದಿಲ್ಲ.

ಹಾಗಾಗಿ ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ರಿಕವರಿ ಗಾಡಿಗೆ ಹೊಂದುವುದಿಲ್ಲ. ನಾವು ನಿಂತು ಓಡಿದ ಒಂದು ಗಂಟೆಗೆ 40 ಕಿಮೀ ಹಿಡಿದು ಓಟಕ್ಕೆ ಕೂಡಿಸುತ್ತೇವೆ. ಅವರ್ ಮೀಟರ್ ಇಲ್ಲದ ಗಾಡಿಯಲ್ಲಿ ಡ್ರೈವರ್ ಟ್ರಿಪ್ ಶೀಟ್‌ನಲ್ಲೇ ಪಿಟಿಒ ಸಮಯ ಬರೆದಿಡಬೇಕು. ಇನ್ನೊಂದು ತೊಂದರೆಯೂ ಉಂಟು. ಹೌಸಿಂಗ್‌ನ, ಅಂದರೆ ಫಿಲ್ಟರ್ ಕೂರುವ ಕವಚದ, ಬಾಯಲ್ಲಿ ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಹೊರಗೆ ಎಸೆಯುವ ರೆಕ್ಕೆಗಳಿರುತ್ತವಲ್ಲ, ಅವು ಕೆಲಸ ಮಾಡಲು ಗಾಳಿಗೆ ವೇಗ ಬೇಕು. 3 ಲೀಟರ್‌ನ ನಾಲ್ಕು ಸ್ಟ್ರೋಕ್ ಇಂಜಿನ್ ಒಂದು ಸುತ್ತಿಗೆ ಒಂದೂವರೆ ಲೀಟರ್ ಗಾಳಿ ಎಳೆಯುತ್ತದೆ. 2,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3,000 ಲೀಟರ್, ಟರ್ಬೊ ಒತ್ತಿದರೆ ಇನ್ನೂ ಬಹಳ ಹೆಚ್ಚು. ಪಿಟಿಒ ಮೇಲೆ 1,000 ಆರ್‌ಪಿಎಂನಲ್ಲಿ ನಿಂತಾಗ 1,500 ಲೀಟರ್ ಮಾತ್ರ. ಆಗ ಸುತ್ತು ಗಾಳಿಯ ಬಲ ಸಾಲದೆ ದಪ್ಪ ಧೂಳೂ ಸೀದಾ ಫಿಲ್ಟರ್ ಕಾಗದದ ಮೇಲೆ ಬಂದು ಕೂರುತ್ತದೆ.

ಈಗ ಆಯ್ಕೆಯ ವಿಷಯ. ಅಂಗಡಿಯಲ್ಲಿ ಸಿಗುವುದು ಎರಡಲ್ಲ, ಮೂರು ಬಗೆ. ಗಾಡಿಯ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವುದು ಒಂದು. ಫ್ಲೀಟ್‌ಗಾರ್ಡ್, ಮಾನ್, ಮಾಹ್ಲೆ, ಡೊನಾಲ್ಡ್‌ಸನ್, ಬಾಷ್, ಎಲೋಫಿಕ್ ತರಹ ಫಿಲ್ಟರ್‌ನದೇ ಹೆಸರುಳ್ಳ ಹೊರಗಿನ ಮಾಲು ಇನ್ನೊಂದು. ಮೂರನೆಯದು ಹೆಸರಿಲ್ಲದ ಲೋಕಲ್, ಅದರ ಜತೆಗೆ ಕಂಪನಿ ಡಬ್ಬಿಯನ್ನೇ ನಕಲು ಮಾಡಿದ ಡುಪ್ಲಿಕೇಟ್. ಗಾಡಿ ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ಮಾಡುವುದಿಲ್ಲ, ಫಿಲ್ಟರ್ ಕಂಪನಿಗಳಿಂದ ಮಾಡಿಸಿಕೊಳ್ಳುತ್ತವೆ. ಹಾಗಾಗಿ ಮೊದಲ ಎರಡು ಬಗೆಯ ನಡುವೆ ಕೆಲವು ಮಾಡೆಲ್‌ಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. ಆದರೆ ಆ ಮಾತನ್ನೇ ಹಿಡಿದು ಮೂರನೆಯದನ್ನು ದಾಟಿಸುವವರಿದ್ದಾರೆ. "ಸೈಜ್ ಅದೇ ಮಾರಾಯ್ರೇ, ಕೂರ್ತದೆ" ಎಂಬ ಮಾತು ಕೇಳಿದ ಕೂಡಲೇ ಫಿಲ್ಟರನ್ನು ಡಬ್ಬಿಯಿಂದ ಹೊರಗೆ ತೆಗೆಸಿ ನೋಡಬೇಕು.

ನಾವು ಮೊದಲು ನೋಡುವುದು ಸೀಲ್. ಕಾಗದ ಎಷ್ಟೇ ಒಳ್ಳೆಯದಿರಲಿ, ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೆ ಧೂಳು ಕಾಗದದ ತಂಟೆಗೇ ಹೋಗುವುದಿಲ್ಲ, ಅಲ್ಲಿಂದಲೇ ನುಗ್ಗುತ್ತದೆ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಎಲಿಮೆಂಟ್‌ನ (ಹೌಸಿಂಗ್ ಒಳಗೆ ಕೂರುವ ಕಾಗದದ ಫಿಲ್ಟರ್) ಬಾಯಿಗೆ ಪಾಲಿಯುರೆಥೇನ್‌ನ ಮೆತ್ತನೆ ತುಟಿ ಇದ್ದು, ಹೌಸಿಂಗ್‌ನ ಕೊಳವೆಯ ಮೇಲೆ ಬಿಗಿಯಾಗಿ ಜಾರಿ ಕೂರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಅದು ತಗ್ಗಬೇಕು, ಬಿಟ್ಟ ಕೂಡಲೇ ಮೇಲೆ ಬರಬೇಕು. ಒತ್ತಿದ ಗುರುತು ಉಳಿದರೆ, ಅಥವಾ ಪ್ಲಾಸ್ಟಿಕ್‌ನಂತೆ ಗಟ್ಟಿ ಇದ್ದರೆ ವಾಪಸ್ ಕೊಡಿ. ಅಚ್ಚಿನ ಅಂಚಿನಲ್ಲಿ ಗುಳ್ಳೆ, ಹೊರಗೆ ಚಾಚಿದ ಎಳೆ ಇರಬಾರದು. ಹಳೆಯ ಮಾಡೆಲ್‌ಗಳಲ್ಲಿ ತಗಡಿನ ಮುಚ್ಚಳಕ್ಕೆ ರಬ್ಬರ್ ರಿಂಗ್ ಅಂಟಿಸಿರುತ್ತಾರೆ. ಅಲ್ಲಿ ರಿಂಗ್‌ನ ಎರಡು ತುದಿ ಸೇರುವ ಜಾಗ ನೋಡಬೇಕು. ಲೋಕಲ್ ಮಾಲಿನಲ್ಲಿ ಮೊದಲು ಬಿಡುವುದು ಅಲ್ಲೇ.

ಸೀಲ್ ಸರಿಯಾಗಿ ಕೂರುತ್ತದೋ ಇಲ್ಲವೋ ತಿಳಿಯಲು ಸುಲಭದ ದಾರಿ ಸೀಮೆಸುಣ್ಣ. ಸೀಲ್ ಮುಟ್ಟುವ ಹೌಸಿಂಗ್‌ನ ಮೈಗೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರಿ, ಎಲಿಮೆಂಟ್ ಕೂರಿಸಿ, ಕ್ಲಿಪ್ ಹಾಕಿ, ಮತ್ತೆ ತೆಗೆಯಿರಿ. ಸೀಲ್‌ನ ಮೇಲೆ ಬಿಳಿ ಗೆರೆ ಸುತ್ತಲೂ ಒಂದೇ ಅಗಲಕ್ಕೆ ಬಂದಿರಬೇಕು. ಒಂದು ಕಡೆ ಅಗಲ, ಇನ್ನೊಂದು ಕಡೆ ಮಾಸಲು ಇದ್ದರೆ ಎಲಿಮೆಂಟ್‌ನ ಎತ್ತರ ಕಡಿಮೆ ಇದೆ, ಇಲ್ಲವೇ ಹೌಸಿಂಗ್ ಸೊಟ್ಟಗಾಗಿದೆ. ಬಳಿಕ ಪುಡಿಯನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಬೇಕು. ಒಳಗಿನ ಎಲಿಮೆಂಟ್ (ದೊಡ್ಡದರ ಒಳಗಿರುವ ಸಣ್ಣ ಸೇಫ್ಟಿ ಫಿಲ್ಟರ್) ಜಾಗದಲ್ಲಿ ಇದ್ದಾಗ ಮಾತ್ರ ಈ ಪರೀಕ್ಷೆ ಮಾಡಿ, ಪುಡಿ ಟರ್ಬೊ ಕಡೆ ಹೋಗಬಾರದು. ಸೀಲ್‌ಗೆ ಗ್ರೀಸ್ ಬಳಿದು ಕೂರಿಸುವ ಅಭ್ಯಾಸ ನಮ್ಮ ಕಡೆ ಬಹಳ ಗ್ಯಾರೇಜ್‌ಗಳಲ್ಲಿ ಉಂಟು. ಅದನ್ನು ಬಿಡಬೇಕು. ಗ್ರೀಸ್‌ಗೆ ಧೂಳು ಅಂಟುತ್ತದೆ, ಮುಂದಿನ ಸಲ ತೆಗೆಯುವಾಗ ಅದು ಒಳಗೆ ಬೀಳುತ್ತದೆ.

ಎರಡನೆಯದು ಮಡಿಕೆಗಳು. ಹೊರಗಿನ ಅಳತೆ ಒಂದೇ ಇರುವ ಎರಡು ಎಲಿಮೆಂಟ್‌ಗಳನ್ನು ಪಕ್ಕಪಕ್ಕ ಇಟ್ಟು ಮಡಿಕೆ ಎಣಿಸಿ. 30 ಸೆಂಮೀ ಎತ್ತರ, 4 ಸೆಂಮೀ ಆಳದ 150 ಮಡಿಕೆ ಇದ್ದರೆ ಕಾಗದದ ವಿಸ್ತಾರ 3.6 ಚದರ ಮೀಟರ್. ಅದೇ ಗಾತ್ರದಲ್ಲಿ 110 ಮಡಿಕೆ ಹಾಕಿದ್ದರೆ 2.64 ಚದರ ಮೀಟರ್, ಕಾಲು ಭಾಗಕ್ಕಿಂತಲೂ ಹೆಚ್ಚು ಕಾಗದ ಖೋತಾ. ಅಷ್ಟೇ ಗಾಳಿ ಕಡಿಮೆ ಕಾಗದದಲ್ಲಿ ಹಾಯಬೇಕಾದಾಗ ವೇಗ ಹೆಚ್ಚುತ್ತದೆ, ಫಿಲ್ಟರ್ ಬೇಗ ಕಟ್ಟುತ್ತದೆ. ಬೆಲೆಯಲ್ಲಿ ಉಳಿದದ್ದು ಆಯಸ್ಸಿನಲ್ಲಿ ಹೋಯಿತು. ಮಡಿಕೆಗಳು ಒಂದಕ್ಕೊಂದು ಅಂಟದಂತೆ ಕಾಗದದಲ್ಲಿ ಉಬ್ಬು ಗೆರೆ ಒತ್ತಿರಬೇಕು, ಇಲ್ಲವೇ ಅಂಟಿನ ದಾರ ಎಳೆದಿರಬೇಕು. ನಮ್ಮಲ್ಲಿ ಮಳೆ ವರ್ಷಕ್ಕೆ 3,000 ಮಿಮೀ ದಾಟುತ್ತದೆ. ಜೂನ್, ಜುಲೈಯಲ್ಲಿ ಬರಿಯ ಸೆಲ್ಯುಲೋಸ್ ಕಾಗದ ತೇವ ಹೀರಿ ಉಬ್ಬುತ್ತದೆ, ಆಧಾರವಿಲ್ಲದ ಮಡಿಕೆಗಳು ಎರಡೆರಡಾಗಿ ಅಂಟಿಕೊಳ್ಳುತ್ತವೆ, ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ. ಸಿಂಥೆಟಿಕ್ ನಾರು ಬೆರೆಸಿದ ಕಾಗದ ಸಿಗುವುದಾದರೆ ಕರಾವಳಿಗೆ ಅದೇ ಸೈ, ಸ್ವಲ್ಪ ದುಬಾರಿಯಾದರೂ. ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆ ಕಡಲ ಹತ್ತಿರ ನಿಲ್ಲುವ ಗಾಡಿಗಳಲ್ಲಿ ಎಲಿಮೆಂಟ್‌ನ ತಗಡಿನ ಜಾಲರಿಯನ್ನೂ ಗಮನಿಸಬೇಕು. ಸತು ಲೇಪ ಸರಿ ಇಲ್ಲದಿದ್ದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಒಳಗಿನ ಜಾಲರಿಯ ತುಕ್ಕಿನ ಪುಡಿಯನ್ನು ಆ ಎಲಿಮೆಂಟ್‌ನ ಕಾಗದ ತಡೆಯುವುದಿಲ್ಲ, ಅದು ಕಾಗದದ ಆಚೆ ಬದಿಯಲ್ಲೇ ಇರುತ್ತದೆ.

ಕೊನೆಗೆ ಎಲಿಮೆಂಟ್‌ನ ಒಳಗೆ ಟಾರ್ಚ್ ಇಟ್ಟು ಕತ್ತಲಲ್ಲಿ ತಿರುಗಿಸಿ. ಬೆಳಕು ಕಾಗದದ ಮೂಲಕ ಮಂದವಾಗಿ ಕಾಣಬೇಕು. ಸೂಜಿಮೊನೆಯಷ್ಟು ಹೊಳಪು ಚುಕ್ಕೆ ಕಂಡರೂ ಅದು ತೂತು. ಕಾಗದ ಮುಚ್ಚಳಕ್ಕೆ ಅಂಟುವ ಗೆರೆಯನ್ನು ಇದೇ ಬೆಳಕಿನಲ್ಲಿ ಸುತ್ತ ನೋಡಿ.

ಡಬ್ಬಿಯ ಮೇಲೆ ಧೂಳು ತಡೆಯುವ ಪ್ರಮಾಣ ಶೇಕಡಾ 99.5 ಎಂದೋ 99.9 ಎಂದೋ ಬರೆದಿದ್ದರೆ ಎರಡೂ ಹೆಚ್ಚು ಕಡಿಮೆ ಒಂದೇ ಎಂದು ಕಾಣುತ್ತದೆ. ಲೆಕ್ಕ ಹಾಗಲ್ಲ. ಫಿಲ್ಟರ್‌ಗೆ ಒಂದು ಕಿಲೋ ಧೂಳು ಬಂದರೆ 99.9ರದ್ದು 1 ಗ್ರಾಂ ಒಳಗೆ ಬಿಡುತ್ತದೆ, 99.5ರದ್ದು 5 ಗ್ರಾಂ. ಇಂಜಿನ್‌ಗೆ ಹೋಗುವ ಧೂಳು ಐದು ಪಟ್ಟು. ಆ ಅಂಕಿಯ ಪಕ್ಕದಲ್ಲಿ ಐಎಸ್‌ಒ 5011 ಎಂಬ ಪರೀಕ್ಷೆಯ ಹೆಸರಿದ್ದರೆ ಮಾತ್ರ ನಾವು ಅದಕ್ಕೆ ಬೆಲೆ ಕೊಡುತ್ತೇವೆ.

ಹೀಗೆಲ್ಲ ನೋಡಿ ನಾವು ನಡೆಸಿಕೊಂಡು ಬಂದ ಕ್ರಮ ಇದು. ವಾರಂಟಿ ಇರುವಷ್ಟು ದಿನ ಹೊರಸುತ್ತಿನ ದೊಡ್ಡದು, ಒಳಗಿನ ಸಣ್ಣದು ಎರಡೂ ಎಲಿಮೆಂಟ್ ಗಾಡಿ ಕಂಪನಿಯದ್ದೇ, ಬಿಲ್ ಸಮೇತ. ವಾರಂಟಿ ಮುಗಿದ ಮೇಲೆ ಹೊರಗಿನ ದೊಡ್ಡ ಎಲಿಮೆಂಟ್‌ಗೆ ಹೆಸರುಳ್ಳ ಫಿಲ್ಟರ್ ಕಂಪನಿಯದ್ದು ಧಾರಾಳ ಸಾಕು, ಸೀಲ್ ಮತ್ತು ಮಡಿಕೆಯ ಪರೀಕ್ಷೆ ಪಾಸಾದರೆ. ಒಳಗಿನ ಸೇಫ್ಟಿ ಎಲಿಮೆಂಟ್ ಮಾತ್ರ ಯಾವಾಗಲೂ ಗಾಡಿ ಕಂಪನಿಯದ್ದೇ. ಅದು ಸಣ್ಣದು, ಅಪರೂಪಕ್ಕೆ ಬದಲಿಸುವಂಥದ್ದು, ಅಲ್ಲಿ ಉಳಿಸುವ ದುಡ್ಡು ಲೆಕ್ಕಕ್ಕೆ ಬರುವುದಿಲ್ಲ. ಹೊರಗಿನದ್ದು ಹರಿದರೆ ಟರ್ಬೊವನ್ನು ಕಾಯುವುದು ಅದೊಂದೇ. ಲೋಕಲ್ ಮಾಲು ಯಾವ ಜಾಗಕ್ಕೂ ಬೇಡ.

ಎಣ್ಣೆ ಹಾಕಿ ತೊಳೆದು ಬಳಸುವ ಹತ್ತಿಬಟ್ಟೆಯ ಫಿಲ್ಟರ್ ಬಗ್ಗೆ ಕೇಳುವವರಿದ್ದಾರೆ. ರಿಕವರಿ ಗಾಡಿಗೆ ಬೇಡವೇ ಬೇಡ. ಗಾಳಿ ಸಲೀಸಾಗಿ ಹೋಗುತ್ತದೆ ಎಂಬುದೇ ಅದರ ಆಕರ್ಷಣೆ, ಅದೇ ಅದರ ದೋಷ. ನಮ್ಮ ಕೆಂಪು ಮಣ್ಣಿನ ನಯವಾದ ಪುಡಿಯನ್ನು ಕಾಗದ ಹಿಡಿದಂತೆ ಅದು ಹಿಡಿಯುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಬಿಗಿ ಮಿತಿಯ) ಗಾಡಿಗಳಲ್ಲಿ ಗಾಳಿ ಅಳೆಯುವ ಸೆನ್ಸರ್ ಹೆಚ್ಚಾಗಿ ಫಿಲ್ಟರ್‌ನ ಹಿಂದೆಯೇ ಇರುತ್ತದೆ. ಎಣ್ಣೆ ಹೆಚ್ಚಾದರೆ ಅದರ ಹನಿ ಸೆನ್ಸರ್‌ಗೆ ಅಂಟಿ ಅಳತೆ ತಪ್ಪುತ್ತದೆ, ಇಸಿಎಂ (ಇಂಜಿನ್‌ನ ಕಂಪ್ಯೂಟರ್) ತಪ್ಪು ಲೆಕ್ಕದಲ್ಲಿ ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ಮರಳಿಸುವ ವ್ಯವಸ್ಥೆ) ನಡೆಸುತ್ತದೆ, ಪವರ್ ಬಿದ್ದು ಚೆಕ್ ಲ್ಯಾಂಪ್ ಉರಿಯುತ್ತದೆ.

ಯಾವಾಗ ಬದಲಿಸಬೇಕು ಎಂಬುದನ್ನು ಕಾಗದದ ಬಣ್ಣ ನೋಡಿ ತೀರ್ಮಾನಿಸಬಾರದು. ನಮ್ಮ ರಸ್ತೆಯಲ್ಲಿ ಒಂದು ವಾರಕ್ಕೇ ಅದು ಕೆಂಪಾಗುತ್ತದೆ. ಮೇಲೆ ತೆಳುವಾಗಿ ಕೂತ ಧೂಳು ತಾನೂ ಜರಡಿಯ ಕೆಲಸ ಮಾಡುತ್ತದೆ, ಹೊಸ ಫಿಲ್ಟರ್‌ಗಿಂತ ಸ್ವಲ್ಪ ಓಡಿದ ಫಿಲ್ಟರ್ ಚೆನ್ನಾಗಿ ಸೋಸುತ್ತದೆ. ನಂಬಬೇಕಾದದ್ದು ರಿಸ್ಟ್ರಿಕ್ಷನ್ ಇಂಡಿಕೇಟರ್, ಅಂದರೆ ಫಿಲ್ಟರ್ ಎಷ್ಟು ಕಟ್ಟಿದೆ ಎಂದು ಗಾಳಿಯ ಎಳೆತದಿಂದ ತೋರಿಸುವ ಸಣ್ಣ ಮಾಪಕ. ಟರ್ಬೊ ಡೀಸೆಲ್‌ಗೆ ಸಾಮಾನ್ಯವಾಗಿ 6.2 ಕಿಲೋಪಾಸ್ಕಲ್, ಅಂದರೆ 25 ಇಂಚು ನೀರಿನ ಮಟ್ಟಕ್ಕೆ ಅದು ಕೆಂಪು ತೋರಿಸುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಇಂಡಿಕೇಟರ್ ಬಿಚ್ಚಿ ಸಣ್ಣ ಕೊಳವೆ ಹಾಕಿ ಬಾಯಿಂದ ಎಳೆದರೆ ಕೆಂಪು ಬರಬೇಕು. ಬಾರದಿದ್ದರೆ ಅದು ಜಾಮ್ ಆಗಿದೆ.

ಪಂಕ್ಚರ್ ಅಂಗಡಿಯ ಏರ್ ಗನ್ ತಂದು ಫಿಲ್ಟರ್ ಊದುವುದೇ ನಮ್ಮಲ್ಲಿ ಅತಿ ಹೆಚ್ಚು ಹಾನಿ ಮಾಡುವ ಕೆಲಸ. ಅಲ್ಲಿನ ಕಂಪ್ರೆಸರ್ 8 ಬಾರ್‌ನಲ್ಲಿರುತ್ತದೆ. ಕಾಗದದ ನಾರು ಬಿಡಲು ಅಷ್ಟು ಬೇಡ. ಕಣ್ಣಿಗೆ ಫಿಲ್ಟರ್ ಹೊಸದರಂತೆ ಕಾಣುತ್ತದೆ, ಒಳಗೆ ಮಡಿಕೆಯ ತುದಿ ಸೀಳಿರುತ್ತದೆ. ಬೇಸಗೆಯಲ್ಲಿ ಹೊಸ ಎಲಿಮೆಂಟ್ ಸಿಗದೆ ಊದಲೇಬೇಕಾದರೆ 2 ಬಾರ್‌ಗೆ ಇಳಿಸಿ, ನಳಿಗೆಯನ್ನು ಒಂದೆರಡು ಇಂಚು ದೂರ ಹಿಡಿದು, ಒಳಗಿಂದ ಹೊರಕ್ಕೆ, ಮಡಿಕೆಯ ಉದ್ದಕ್ಕೆ ಊದಿ. ಒಂದು ಎಲಿಮೆಂಟ್‌ಗೆ ಒಂದೇ ಸಲ. ಆಮೇಲೆ ಟಾರ್ಚ್ ಪರೀಕ್ಷೆ. ಸೇಫ್ಟಿ ಎಲಿಮೆಂಟನ್ನು ಊದುವಂತಿಲ್ಲ, ತೊಳೆಯುವಂತಿಲ್ಲ. ಹೊರಗಿನದ್ದನ್ನು ಮೂರು ಸಲ ಬದಲಿಸಿದಾಗ ಅದನ್ನೂ ಬದಲಿಸಿ. ನೀರು ಹೊಕ್ಕು ಒದ್ದೆಯಾದ ಎಲಿಮೆಂಟನ್ನು ಬಿಸಿಲಿಗಿಟ್ಟು ಮತ್ತೆ ಹಾಕಬೇಡಿ, ಒಣಗಿದರೂ ಕಾಗದಕ್ಕೆ ಮೊದಲಿನ ಬಿಗಿ ಇರುವುದಿಲ್ಲ.

ಬದಲಿಸುವಾಗ ಹೌಸಿಂಗ್ ತೆರೆಯುವ ಮೊದಲೇ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಎಲಿಮೆಂಟನ್ನು ಮೆಲ್ಲ ಅತ್ತಿತ್ತ ವಾಲಿಸಿ ಸೀಲ್ ಬಿಡಿಸಿ ಎಳೆಯಿರಿ, ಗೋಡೆಗೆ ಬಡಿಸಬೇಡಿ. ಸೇಫ್ಟಿ ಎಲಿಮೆಂಟ್ ಅಲ್ಲೇ ಇರುವಾಗ ಹೌಸಿಂಗ್‌ನ ಒಳಗನ್ನು ಒರೆಸಿ, ಗಾಳಿ ಊದಬೇಡಿ. ಹೊಸದನ್ನು ಅಂಚು ಹಿಡಿದು ಕೈಯಿಂದ ಪೂರ್ತಿ ಒತ್ತಿ ಕೂರಿಸಿ, ಆಮೇಲೆ ಮುಚ್ಚಳ. ಕ್ಲಿಪ್ ಹಾಕುವ ಬಲದಿಂದ ಎಲಿಮೆಂಟನ್ನು ಒಳಗೆ ತಳ್ಳಿದರೆ ತುಟಿ ಮಡಚುತ್ತದೆ. ಧೂಳು ಬಿಡುವ ರಬ್ಬರ್ ಬಾಯಿ ನೆಲದ ಕಡೆ ಇರಬೇಕು. ಅದರ ತುಟಿ ಗಟ್ಟಿಯಾಗಿ ತೆರೆದೇ ನಿಂತಿದ್ದರೆ ಧೂಳು ಹೋಗುವ ಬದಲು ಅಲ್ಲಿಂದಲೇ ಒಳಗೆ ಬರುತ್ತದೆ. ಮುಚ್ಚಿ ಅಂಟಿದ್ದರೆ ಮಳೆಗಾಲದಲ್ಲಿ ನೀರು ಒಳಗೇ ನಿಲ್ಲುತ್ತದೆ. ಇಂಡಿಕೇಟರ್ ಒತ್ತಿ ರಿಸೆಟ್ ಮಾಡಿ, ದಿನ, ಗಂಟೆ, ಕಿಮೀ ಮೂರನ್ನೂ ಹೌಸಿಂಗ್ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ.

ತೆಗೆದ ಹಳೆಯ ಎಲಿಮೆಂಟನ್ನು ಗುಜರಿಗೆ ಎಸೆಯುವ ಮೊದಲು ಅದರ ಸೀಲ್‌ನ ಒಳಬದಿ ನೋಡಿ. ಕೆಂಪು ಧೂಳಿನ ಗೆರೆ ಬೀಸಣಿಗೆಯಂತೆ ಒಳಗೆ ಹರಡಿದ್ದರೆ ಅಲ್ಲಿ ಸೋರಿದೆ. ಅದೇ ಹೊತ್ತಿಗೆ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಹೋಸ್ ಬಿಚ್ಚಿ ಒಳಗೆ ಬಿಳಿ ಬಟ್ಟೆ ಆಡಿಸಿ. ಬಟ್ಟೆ ಕೆಂಪಾದರೆ ಸೀಲ್, ಕಾಗದ, ಹೋಸ್, ಕ್ಲಾಂಪ್ ಇವುಗಳಲ್ಲಿ ಒಂದು ಬಿಟ್ಟಿದೆ. ಟರ್ಬೊದ ಕಂಪ್ರೆಸರ್ ರೆಕ್ಕೆಗಳ ಮುಂದಿನ ಅಂಚು ಸವೆದು ಮೊಂಡಾಗಿದ್ದರೆ ಸೋರಿಕೆ ಇಂದಿನದ್ದಲ್ಲ.

ಗಾಡಿ ಎರಡು ಮೂರಕ್ಕಿಂತ ಹೆಚ್ಚಿದ್ದರೆ ಆಯಿಲ್ ಬದಲಿಸುವಾಗ ಬಿಸಿ ಎಣ್ಣೆಯ 100 ಮಿಲೀ ಮಾದರಿಯನ್ನು ಲ್ಯಾಬ್‌ಗೆ ಕೊಡುವುದು ದುಡ್ಡಿಗೆ ತಕ್ಕ ಕೆಲಸ. ಒಳಗೆ ಧೂಳು ಹೋಗಿದ್ದನ್ನು ವರದಿಯ ಸಿಲಿಕಾನ್ ಅಂಕಿ ತೋರಿಸುತ್ತದೆ. ಹೊಸ ಎಣ್ಣೆಯಲ್ಲೂ ಅದು ಕೆಲವು ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಇರುತ್ತದೆ, ಹಾಗಾಗಿ ಒಂದು ಅಂಕಿಗಿಂತ ಒಂದರ ಹಿಂದೆ ಒಂದು ಬಂದ ವರದಿಗಳ ಏರಿಕೆ ನೋಡಬೇಕು. ನಮ್ಮ ಜಿಲ್ಲೆಗೆ ಇನ್ನೊಂದು ವಿಷಯ ಸೇರುತ್ತದೆ. ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹೇರಳ, ನೀಲೇಶ್ವರ, ಕಾಞಂಗಾಡ್ ಕಡೆ ಬಾಕ್ಸೈಟ್ ನಿಕ್ಷೇಪವೇ ಉಂಟು. ವರದಿಯಲ್ಲಿ ಅಲ್ಯೂಮಿನಿಯಂ ಏರಿದ ಕೂಡಲೇ ಪಿಸ್ಟನ್ ಸವೆದಿದೆ ಎಂದು ಇಂಜಿನ್ ಇಳಿಸಬೇಡಿ. ಸಿಲಿಕಾನ್ ಕೂಡ ಜತೆಗೇ ಏರಿದ್ದರೆ ಬಂದದ್ದು ಮಣ್ಣಿರಬಹುದು. ಮೊದಲು ಹೋಸ್ ಕ್ಲಾಂಪ್ ಬಿಗಿ ಮಾಡಿ, ಸೀಲ್‌ನ ಗೆರೆ ನೋಡಿ, ಎಣ್ಣೆ ಬದಲಿಸಿ, ಅರ್ಧ ಅವಧಿಗೆ ಇನ್ನೊಂದು ಮಾದರಿ ಕಳಿಸಿ.