ಮೈಕ್ರೋಲೈಟ್ ವಿಮಾನದ ಪೆಟ್ರೋಲ್ ಫಿಲ್ಟರ್: ಆರಿಸುವುದು, ಹಾಕುವುದು, ಕತ್ತರಿಸಿ ನೋಡುವುದು

ನಾನು ನೋಡಿಕೊಳ್ಳುವುದು ಎರಡು ಸೀಟಿನ ಒಂದು ಮೈಕ್ರೋಲೈಟ್, ಅಂದರೆ ತೀರಾ ಹಗುರದ ಸಣ್ಣ ವಿಮಾನ. ಎಂಜಿನ್ ರೋಟಾಕ್ಸ್ 912 ಯುಎಲ್, 80 ಎಚ್‌ಪಿ. ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಪೈಪಿನ ನಡುವೆ ಹೆಬ್ಬೆರಳು ಗಾತ್ರದ ಒಂದು ಫಿಲ್ಟರ್ ಕೂತಿದೆ. ಆ ವಿಮಾನದಲ್ಲಿ ಅಷ್ಟು ಅಗ್ಗದ ಸಾಮಾನು ಇನ್ನೊಂದಿಲ್ಲ. ಆದರೆ ಅದು ಕಟ್ಟಿಕೊಂಡರೆ ಪೆಟ್ರೋಲ್‌ಗೆ ಬೇರೆ ದಾರಿಯೂ ಇಲ್ಲ. ಎಂಜಿನ್ ನಿಲ್ಲುತ್ತದೆ, ಅಷ್ಟೇ.

ಕೆಲವು ವರ್ಷದ ಹಿಂದೆ ನಾನೇ ಒಂದು ತಪ್ಪು ಮಾಡಿದ್ದೆ. ಎಷ್ಟು ಸಣ್ಣ ಕಸ ಹಿಡಿದರೆ ಅಷ್ಟು ಒಳ್ಳೆಯದು ಅಂದುಕೊಂಡು ಬೆಂಗಳೂರಿನ ಜೆ.ಸಿ. ರೋಡಿನಿಂದ ಕಾರಿನ ಪೇಪರ್ ಫಿಲ್ಟರ್ ತಂದು ಹಾಕಿದೆ. ಮೊದಲ ಕೆಲವು ವಾರ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ, ಪುಣ್ಯಕ್ಕೆ ನೆಲದ ಮೇಲೇ, ಫುಲ್ ಥ್ರಾಟಲ್ ಕೊಟ್ಟು ನೋಡುತ್ತಿದ್ದೆ. ಅರ್ಧ ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಆರ್‌ಪಿಎಂ ಮೆಲ್ಲಗೆ ಜಾರಿತು, ಎಂಜಿನ್ ನಡುಗತೊಡಗಿತು. ಥ್ರಾಟಲ್ ಇಳಿಸಿದರೆ ಮತ್ತೆ ಸರಿ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಬಟ್ಟಲಲ್ಲಿದ್ದ ಪೆಟ್ರೋಲ್ ಖರ್ಚಾಗುವ ವೇಗಕ್ಕೆ ಹೊಸ ಪೆಟ್ರೋಲ್ ಬರುತ್ತಿರಲಿಲ್ಲ. ಫಿಲ್ಟರ್ ಕತ್ತರಿಸಿ ನೋಡಿದೆ. ಪೇಪರ್ ನೀರು ಕುಡಿದು ಊದಿಕೊಂಡಿತ್ತು, ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿದ್ದವು.

ಅವತ್ತಿಂದ ನಾನು ಸ್ಟೀಲ್ ಜಾಲರಿಯ ಫಿಲ್ಟರ್ ಬಿಟ್ಟು ಬೇರೆ ಹಾಕಿಲ್ಲ. ಈ ಎಂಜಿನ್‌ಗೆ 0.1 ಮಿಲಿಮೀಟರ್, ಅಂದರೆ 100 ಮೈಕ್ರಾನ್ ಜಾಲರಿ ಸಾಕು. ಕಾರ್ಬೊರೇಟರಿನೊಳಗೆ ಪೆಟ್ರೋಲ್ ಹಾಯುವ ಅತಿ ಸಣ್ಣ ಜೆಟ್‌ನ ತೂತು ಕೂಡ ಇದಕ್ಕಿಂತ ದೊಡ್ಡದು. ಜಾಲರಿ ದಾಟುವಷ್ಟು ಸಣ್ಣ ಧೂಳು ಜೆಟ್‌ನಲ್ಲೂ ದಾಟಿಹೋಗುತ್ತದೆ. ಜಾಲರಿ ನೀರು ಕುಡಿದು ಊದುವುದೂ ಇಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಹೊರಡುವ ಕಡೆ ಒಂದು ದೊಡ್ಡ ಕಣ್ಣಿನ ಜಾಲರಿ, ಪಂಪಿಗೆ ಮುಂಚೆ ಈ ಸಣ್ಣ ಕಣ್ಣಿನ ಜಾಲರಿ, ಇಷ್ಟೇ ಇರಲಿ. ನಿಮ್ಮದು ಸರ್ಟಿಫೈಡ್, ಅಂದರೆ ವಿನ್ಯಾಸಕ್ಕೆ ಅಧಿಕೃತ ಪ್ರಮಾಣಪತ್ರ ಇರುವ ವಿಮಾನವಾದರೆ ಈ ಆಯ್ಕೆ ನಿಮ್ಮ ಕೈಲಿಲ್ಲ. ಮ್ಯಾನ್ಯುಯಲ್‌ನಲ್ಲಿರುವ ಪಾರ್ಟ್ ನಂಬರನ್ನೇ ಹಾಕಬೇಕು.

ಒಳಗಿನ ಕಸ ಕಾಣುತ್ತದೆ ಅಂತ ಗಾಜಿನ ಫಿಲ್ಟರ್ ಎಷ್ಟೋ ಜನಕ್ಕೆ ಇಷ್ಟ. ನನಗೆ ಅಗ್ಗದ ಗಾಜಿನ ಫಿಲ್ಟರ್ ಮೇಲೆ ನಂಬಿಕೆ ಇಲ್ಲ. ಎಂಜಿನ್ ನಡುಕಕ್ಕೆ ಅದರ ತಿರುಪು ಸಡಿಲವಾಗುತ್ತದೆ, ಸೀಲ್ ಗಟ್ಟಿಯಾಗಿ ಬಿರಿಯುತ್ತದೆ. ಆಮೇಲೆ ಪೆಟ್ರೋಲ್ ಸೋರುತ್ತದೆ, ಇಲ್ಲವೇ ಪಂಪ್ ಅದೇ ಸಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಎಂಜಿನ್ ಬೆಂಕಿಯನ್ನು ತಡೆಯುವ ಅಡ್ಡಗೋಡೆ, ಅಂದರೆ ಫೈರ್‌ವಾಲ್‌ನ ಎಂಜಿನ್ ಬದಿಯಲ್ಲಂತೂ ಗಾಜು, ಪ್ಲಾಸ್ಟಿಕ್ ಎರಡೂ ಬೇಡ. ಅಲ್ಲಿ ಲೋಹದ್ದೇ ಇರಬೇಕು, ಸೈಲೆನ್ಸರ್‌ನಿಂದ ದೂರ ಇರಬೇಕು. ಬಿಸಿಗೆ ಪೆಟ್ರೋಲ್ ಆವಿಯಾದರೆ ಪಂಪಿಗೆ ಎಳೆಯಲು ಸಿಗುವುದು ಬರೀ ಗುಳ್ಳೆ.

ಈಗ ಪೆಟ್ರೋಲ್ ವಿಷಯ. ಬಂಕುಗಳಲ್ಲಿ ಈಗ ಸಿಗುವುದು ಹೆಚ್ಚಾಗಿ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್. ರೋಟಾಕ್ಸ್ 912ಕ್ಕೆ ಒಪ್ಪಿಗೆ ಇರುವುದು 10 ಪಾಲಿನವರೆಗೆ ಮಾತ್ರ. ಹಾಗಾಗಿ ನಾನು ಪ್ರತಿ ಕ್ಯಾನನ್ನೂ ಪರೀಕ್ಷೆ ಮಾಡುತ್ತೇನೆ. 100 ಮಿಲಿಯ ಅಳತೆ ಕೊಳವೆಗೆ 10 ಮಿಲಿ ನೀರು ಹಾಕಿ. 100ರ ಗೆರೆ ಮುಟ್ಟುವವರೆಗೆ ಪೆಟ್ರೋಲ್ ಸುರಿಯಿರಿ. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಹತ್ತು ನಿಮಿಷ ಸುಮ್ನೆ ಬಿಡಿ. ತಳದ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 25ರಿಂದ 28ರ ನಡುವೆ ಏರಿದರೆ ಅದು ಇ20. ಆ ಕ್ಯಾನ್ ವಿಮಾನಕ್ಕೆ ಬೇಡ.

ಎಥನಾಲ್ ಇದ್ದರೆ ಫಿಲ್ಟರ್‌ಗೆ ಎರಡು ಕಡೆಯಿಂದ ತೊಂದರೆ. ಅದು ಹಳೇ ರಬ್ಬರನ್ನೂ ಟ್ಯಾಂಕಿನ ಸಂದು ಮುಚ್ಚುವ ಕೆಲವು ಸೀಲೆಂಟನ್ನೂ ಮೆತ್ತಗೆ ಮಾಡುತ್ತದೆ, ಆ ಚೂರು ಬಂದು ಸೇರುವುದು ಫಿಲ್ಟರಿಗೇ. ಜೊತೆಗೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಮೊದಲು ಎಳೆಯುವುದು ತಳದ್ದನ್ನೇ ಅಲ್ವಾ? ಡಿಸೆಂಬರ್, ಜನವರಿಯ ಮಂಜಿನಲ್ಲಿ ಅರ್ಧ ಖಾಲಿ ಟ್ಯಾಂಕ್ ಬಿಟ್ಟು ಮನೆಗೆ ಹೋಗಬೇಡಿ. ಬೆಳಿಗ್ಗೆ ವಿಮಾನ ಅಲುಗಾಡಿಸುವ ಮುಂಚೆ ತಳದ ಡ್ರೈನ್‌ನಿಂದ ಒಂದು ಪಾರದರ್ಶಕ ಬಾಟಲಿಗೆ ಬಿಟ್ಟು ನೋಡಿ.

ಹಾಕುವಾಗ ಬಾಣದ ಗುರುತು ಎಂಜಿನ್ ಕಡೆಗಿರಲಿ. ಪೈಪನ್ನು ಹರಿತವಾದ ಬ್ಲೇಡಿನಲ್ಲಿ ಒಂದೇ ಏಟಿಗೆ ಕತ್ತರಿಸಿ. ಒಣ ಪೈಪನ್ನು ತಿರುಚಿ ತುರುಕಿದರೆ ಫಿಲ್ಟರ್ ಮೂತಿಯ ಅಂಚು ಒಳಗಿನ ರಬ್ಬರನ್ನು ಉಗುರಿನಷ್ಟು ಕೆರೆದು ಬಿಡುತ್ತದೆ. ಮೂತಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿದರೆ ಸಲೀಸಾಗಿ ಕೂರುತ್ತದೆ. ಸ್ಕ್ರೂ ಕ್ಲ್ಯಾಂಪಿನ ಹಲ್ಲು ಪೈಪನ್ನು ಕೊರೆಯುತ್ತದೆ, ನುಣುಪಾದ ಪಟ್ಟಿಯ ಕ್ಲ್ಯಾಂಪ್ ತೆಗೆದುಕೊಳ್ಳಿ. ಪೈಪುಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು, ನೋಡಲು ಎಷ್ಟೇ ಚೆನ್ನಾಗಿರಲಿ.

ಆಮೇಲೆ ಹರಿವು ಅಳೆಯಿರಿ. ಇದನ್ನು ಬಿಡುವವರೇ ಜಾಸ್ತಿ. ಟೇಕಾಫ್‌ನಲ್ಲಿ ನನ್ನ ಎಂಜಿನ್ ಗಂಟೆಗೆ ಸುಮಾರು 24 ಲೀಟರ್ ಕುಡಿಯುತ್ತದೆ. ಪಂಪ್ ಇರುವ ವ್ಯವಸ್ಥೆಯಲ್ಲಿ ಅದರ ಒಂದೂಕಾಲು ಪಟ್ಟು ಹರಿಯಬೇಕು. ಅಂದರೆ ಗಂಟೆಗೆ 30 ಲೀಟರ್, ಎರಡು ನಿಮಿಷಕ್ಕೆ ಒಂದು ಲೀಟರ್. ವಿಮಾನವನ್ನು ಬಯಲಿಗೆ ತನ್ನಿ, ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿರಲಿ, ಲೋಹದ ಪಾತ್ರೆಗೆ ಅರ್ತ್ ತಂತಿ ಕಟ್ಟಿ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇಟ್ಟು, ವಿಮಾನದ ಮೂತಿ ಮೇಲೆತ್ತಿ, ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ, ಎಲೆಕ್ಟ್ರಿಕ್ ಪಂಪ್ ಆನ್ ಮಾಡಿ, ಒಂದು ಲೀಟರ್ ಬರುವ ಸಮಯ ನೋಡಿ. ಎರಡು ನಿಮಿಷ ಮೀರಿದರೆ ಕಾರಣ ಸಿಗುವ ತನಕ ಹಾರಬೇಡಿ.

ನಾನು ಎಂಜಿನ್ ಓಡಿದ 50 ಗಂಟೆಗೊಮ್ಮೆ ಫಿಲ್ಟರ್ ಬಿಚ್ಚಿ ನೋಡುತ್ತೇನೆ, 100 ಗಂಟೆಗೆ ಅಥವಾ ವರ್ಷಕ್ಕೆ ಬದಲಿಸುತ್ತೇನೆ. ಕೆಲಸ ಕಲಿಸಿದ ಹಿರಿಯರೊಬ್ಬರು ಹೇಳುತ್ತಿದ್ದರು, "ನೋಡಪ್ಪಾ, ಹಳೇ ಫಿಲ್ಟರ್ ಎಸೆಯೋ ಮುಂಚೆ ಅದನ್ನ ಓದು." ಒಳಗಿನ ಪೆಟ್ರೋಲನ್ನು ಬಿಳಿ ಪಿಂಗಾಣಿ ತಟ್ಟೆಗೆ ಸುರಿಯಿರಿ, ಅದು ಒಳಗೆ ಬರುವ ಕಡೆಯ ಬಾಯಿಂದಲೇ. ಫಿಲ್ಟರ್ ಪೂರ್ತಿ ಒಣಗಿದ ಮೇಲೆ ಪೈಪ್ ಕಟ್ಟರ್‌ನಲ್ಲಿ ಕತ್ತರಿಸಿ. ಗರಗಸ ಬೇಡ, ಅದರ ಪುಡಿಯೇ ಕಸದ ಜೊತೆ ಬೆರೆಯುತ್ತದೆ.

ಕಪ್ಪು ಚೂರು ಬೆರಳಲ್ಲಿ ಉಜ್ಜಿದಾಗ ಮೆತ್ತಗೆ ಹರಡಿದರೆ ಪೈಪ್ ಒಳಗಿಂದ ಉದುರುತ್ತಿದೆ. ಕಂದು ಪುಡಿ ಆಯಸ್ಕಾಂತಕ್ಕೆ ಹತ್ತಿದರೆ ಅದು ಕ್ಯಾನಿನ ತುಕ್ಕು. ಬೂದು ಬಿಳಿ ಪುಡಿ ಇದ್ದರೆ ಅಲ್ಯುಮಿನಿಯಂ ಟ್ಯಾಂಕಿನಲ್ಲಿ ನೀರು ನಿಂತಿದೆ. ದಾರದ ಎಳೆ ಸಿಕ್ಕರೆ ಯಾರೋ ಬಟ್ಟೆಯಲ್ಲಿ ಟ್ಯಾಂಕ್ ಬಾಯಿ ಒರೆಸಿದ್ದಾರೆ. ಅಂಟು ಅಂಟಾದ ಹಳದಿ ಲೋಳೆ ಕಂಡರೆ ಟ್ಯಾಂಕಿನ ಸೀಲೆಂಟ್ ಕರಗುತ್ತಿರಬಹುದು. ಬರೀ ಫಿಲ್ಟರ್ ಬದಲಿಸಿ ಹಾರಬೇಡಿ, ಟ್ಯಾಂಕ್ ಬಿಚ್ಚಿ.

ಹೊಸದನ್ನು ಹಾಕಿದ ಮೇಲೆ ಪಂಪ್ ಆನ್ ಮಾಡಿ ಎರಡೂ ಕ್ಲ್ಯಾಂಪಿನ ಸುತ್ತ ಒಣ ಬಿಳಿ ಟಿಶ್ಯೂ ಒತ್ತಿ ನೋಡಿ. ಒದ್ದೆ ಇಲ್ಲ ಅಂದರೆ ಎಂಜಿನ್ ಶುರು ಮಾಡಿ, ಬಿಸಿಯಾದ ಮೇಲೆ ಒಂದು ನಿಮಿಷ ಫುಲ್ ಥ್ರಾಟಲ್ ಕೊಡಿ. ನಿಲ್ಲಿಸಿ, ಮತ್ತೆ ಟಿಶ್ಯೂ ಒತ್ತಿ. ಫಿಲ್ಟರ್ ಮೈಮೇಲೆ ಮಾರ್ಕರ್‌ನಲ್ಲಿ ತಾರೀಖು, ಎಂಜಿನ್ ಗಂಟೆ ಬರೆಯಿರಿ. ಲಾಗ್‌ಬುಕ್‌ನಲ್ಲಿ ಹಳೇ ಫಿಲ್ಟರಿನಲ್ಲಿ ಏನು ಸಿಕ್ಕಿತು ಅನ್ನುವುದನ್ನೂ ಒಂದು ಸಾಲು ಬರೆದಿಡಿ.