ಪ್ರಾರ್ಥನೆ ನೋಟ್‌ಬುಕ್ಕಿನ ಬಲಪುಟ

ಸರ್ಕಾರಿ ಆಸ್ಪತ್ರೆಯ ರೋಗಿಗಳನ್ನು ನೋಡಲು ಹೋಗುವ ನಮ್ಮ ಪ್ರಾರ್ಥನಾ ಕೂಟದ ನೋಟ್‌ಬುಕ್ಕನ್ನು ಎರಡು ಬದಿ ಮಾಡಿ ಬರೆಯುತ್ತೇವೆ. ಎಡಪುಟದಲ್ಲಿ ಪ್ರಾರ್ಥನೆಯ ವಿಷಯ. ಬಲಪುಟದಲ್ಲಿ ಅದಕ್ಕೆ ನಾವು ಮಾಡಬೇಕಾದ ಕೆಲಸ, ಯಾರು ಮಾಡುತ್ತಾರೆ ಅನ್ನುವುದು. ಎಡಗಡೆ "ಗಂಡಸರ ಸರ್ಜರಿ ವಾರ್ಡ್, ಕೊಪ್ಪಳದ ಕಡೆಯವರು, ಬೈಕಿನಿಂದ ಬಿದ್ದದ್ದು, ಬುಧವಾರ ಆಪರೇಷನ್" ಅಂತ ಇದ್ದರೆ ಬಲಗಡೆ "ಬಿ ಪಾಸಿಟಿವ್ ರಕ್ತ 2 ಯೂನಿಟ್. ರೇಷನ್ ಕಾರ್ಡ್ ಊರಲ್ಲೇ ಇದೆ, ತರಿಸಬೇಕು. ತಾಯಿಗೆ ರಾತ್ರಿ ಊಟ" ಅಂತ ಇರುತ್ತದೆ. ಹೆಸರು ಬರೆಯುವುದಿಲ್ಲ. ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಒಬ್ಬರ ಕಾಯಿಲೆಯ ವಿಷಯ ಊರಿಡೀ ಹರಡಬಾರದು ಅಲ್ವಾ.

ಈ ಬಲಪುಟ ಶುರುವಾದದ್ದು ಬೈಬಲಿನ ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯ ಓದಿದ ಮೇಲೆ. ಯೇಸುವಿನ ಬಗ್ಗೆ ಸಾರಿದ್ದಕ್ಕೆ ಆತನ ಶಿಷ್ಯರಾದ ಪೇತ್ರ ಯೋಹಾನರನ್ನು ಹಿಡಿದು ಬೆದರಿಸಿ ಬಿಟ್ಟಿದ್ದಾರೆ, ಅವರು ಬಂದು ತಮ್ಮವರಿಗೆ ನಡೆದದ್ದನ್ನೆಲ್ಲ ಹೇಳುತ್ತಾರೆ, ಆಮೇಲೆ ಎಲ್ಲರೂ ಒಟ್ಟಾಗಿ ಪ್ರಾರ್ಥನೆ ಮಾಡುತ್ತಾರೆ. ಆ ಬೆದರಿಕೆಯಿಂದ ತಪ್ಪಿಸು ಅಂತ ಅವರು ಕೇಳಲೇ ಇಲ್ಲ, ಧೈರ್ಯ ಕೊಡು ಅಂತ ಕೇಳಿದರು. ನಮ್ಮ ಭಾನುವಾರದ ಉಪದೇಶಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಆದರೆ ಅದೇ ಅಧ್ಯಾಯದಲ್ಲಿ ಮುಂದೆ ಓದಿ: ಹೊಲ ಮನೆ ಇದ್ದವರು ಮಾರಿ ತಂದರು, ಅವರಲ್ಲಿ ಕೊರತೆಪಡುವವರು ಒಬ್ಬರೂ ಇರಲಿಲ್ಲ. ಕೇಳಿದ ಧೈರ್ಯ ಬಂದಿದೆ, ಬಾಯಿಗೂ ಬಂದಿದೆ, ಕೈಗೂ ಬಂದಿದೆ. ಇನ್ನೆರಡು ಅಧ್ಯಾಯ ದಾಟಿದರೆ ವಿಧವೆಯರಿಗೆ ದಿನದಿನದ ಊಟ ಸರಿಯಾಗಿ ಸಿಗಲಿ ಅಂತ ಏಳು ಜನರನ್ನು ಆರಿಸುತ್ತಾರೆ. ಊಟ ಹಂಚುವ ಕೆಲಸಕ್ಕೂ ಪವಿತ್ರಾತ್ಮಭರಿತರೇ ಬೇಕಾಗಿತ್ತು!

ಮಂಗಳೂರಿನ ನಮ್ಮಂಥ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಗೆ ಇದು ಹೊಸದೂ ಅಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಇಲ್ಲಿಗೆ ಬಂದ ಬಾಸೆಲ್ ಮಿಷನ್‌ನವರು ಸುವಾರ್ತೆಯ ಜೊತೆಗೇ ಶಾಲೆ, ಅಚ್ಚುಕೂಟ, ನೇಯ್ಗೆ ಎಲ್ಲ ಮಾಡಿದರು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಸಭೆಗೆ ಸೇರಿದ್ದಕ್ಕೆ ಮನೆಯೂ ಕಸುಬೂ ಕಳೆದುಕೊಂಡವರಿಗೆ ಬರೀ ಪ್ರಾರ್ಥನೆ ಮಾಡಿ ಕಳಿಸಲಿಲ್ಲ, ಕೆಲಸ ಕೊಟ್ಟರು.

ಈಗ ನಾವು ಮಾಡುವುದನ್ನು ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಗೆ ಸಂಜೆ ಭೇಟಿಯ ಹೊತ್ತಿನಲ್ಲಿ ಇಬ್ಬಿಬ್ಬರಾಗಿ ಹೋಗುತ್ತೇವೆ, ಹೆಂಗಸರ ವಾರ್ಡಿಗೆ ಹೆಂಗಸರೇ. ಮೊದಲು ವಾರ್ಡಿನ ಸಿಸ್ಟರ್ ಹತ್ತಿರ ಹೋಗಿ, ಯಾರ ಜೊತೆ ಯಾರೂ ಇಲ್ಲ ಅಂತ ಕೇಳುತ್ತೇವೆ. ಉತ್ತರ ಕರ್ನಾಟಕದಿಂದ ಬಂದವರು ಜಾಸ್ತಿ. ರೋಗಿಗೆ ಆಸ್ಪತ್ರೆಯ ಊಟ ಇರುತ್ತದೆ, ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗುವ ಮನೆಯವರಿಗೆ ಇರುವುದಿಲ್ಲ. ಅವರಿಗೆ ನಮ್ಮ ಕುಚ್ಚಲಕ್ಕಿ ಗಂಜಿ ಇಳಿಯುವುದಿಲ್ಲ, ಜೋಳದ ರೊಟ್ಟಿಯೇ ಬೇಕು. ನಮ್ಮ ಸಭೆಯಲ್ಲೇ ಗದಗದ ಕಡೆಯ ಒಂದು ಕುಟುಂಬ ಇದೆ, ಆ ಅಮ್ಮ ರೊಟ್ಟಿ ತಟ್ಟಿಕೊಡುತ್ತಾರೆ, ಜೊತೆಗೆ ಶೇಂಗಾ ಚಟ್ನಿ. ಒಬ್ಬ ಅಜ್ಜಿ ಆ ರೊಟ್ಟಿ ಮುರಿದು ಮೂಸಿ ನೋಡಿ, "ನಮ್ಮ ಕಡೀದು" ಅಂತ ಹೇಳಿ, ಅರ್ಧ ಸೆರಗಿನಲ್ಲಿ ಕಟ್ಟಿಟ್ಟುಕೊಂಡರು, ಮಗನಿಗೆ ಎಚ್ಚರ ಆದಾಗ ಕೊಡಲು.

ಊಟಕ್ಕಿಂತ ಜಾಸ್ತಿ ಓಡಾಟ ಕಾಗದಪತ್ರದ್ದು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಇಲ್ಲಿ ಆಗದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಇದು ಗೊತ್ತಿಲ್ಲದೆ ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ, ಹೊಲ ಅಡ ಇಟ್ಟು ಬಿಲ್ ಕಟ್ಟಿದವರನ್ನು ನೋಡಿದ್ದೇನೆ. ಕೌಂಟರಿನ ಮುಂದೆ ಅವರ ಜೊತೆ ನಿಂತು ಒಂದು ಪತ್ರಕ್ಕೆ ಸೀಲ್ ಹಾಕಿಸಿಕೊಡುವುದನ್ನು ನಾನು ಆರಾಧನೆ ಅಂತಲೇ ನಂಬಿದ್ದೇನೆ.

ಇನ್ನು ಧೈರ್ಯದ ವಿಷಯ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದಾಗ ಕೂಟದಲ್ಲಿ ಕೆಲವರು ಹೆದರಿದರು, ಸದ್ಯಕ್ಕೆ ನಿಲ್ಲಿಸೋಣ ಅಂದರು. ನಾವು ಉಪವಾಸ ಪ್ರಾರ್ಥನೆ ಮಾಡಿ ಮುಂದುವರಿಸಿದೆವು. ಒಮ್ಮೆ ವಾರ್ಡಿನಲ್ಲಿ ಒಬ್ಬರು ಎಲ್ಲರ ಎದುರಿಗೆ ಗಟ್ಟಿಯಾಗಿ ಕೇಳಿದರು, "ನೀವು ಮತಾಂತರ ಮಾಡೋಕೆ ಬಂದದ್ದಾ?" ನಾನು ಹೇಳಿದೆ, "ನಾವು ಕ್ರೈಸ್ತರು. ಯೇಸು ರೋಗಿಗಳನ್ನು ನೋಡಿಕೊಳ್ಳಿ ಅಂದಿದ್ದಾನೆ, ಅದಕ್ಕೇ ಬಂದಿದ್ದೇವೆ. ಈ ಅಮ್ಮನಿಗೆ ರಕ್ತ ಬೇಕು, ಹುಡುಕುತ್ತಾ ಇದ್ದೇವೆ. ಪ್ರಾರ್ಥನೆ ಬೇಕು ಅಂದರೆ ಮಾಡುತ್ತೇವೆ, ಬೇಡ ಅಂದರೆ ಇಲ್ಲ." ಯಾರು ಅಂತ ಮುಚ್ಚಿಡುವುದಿಲ್ಲ. ಊಟದ ಜೊತೆ ಕರಪತ್ರವನ್ನೂ ಕೊಡುವುದಿಲ್ಲ. ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದ, ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ಗುಣವನ್ನು ಆತ ವಾಪಸ್ ಕೇಳಲಿಲ್ಲ. ನಮಗೂ ಅಷ್ಟೇ, ಸಹಾಯಕ್ಕೆ ಷರತ್ತು ಇರಬಾರದು.

ಕೇಳಿದವರಿಗೆ ಮಂಚದ ಪಕ್ಕ ಪ್ರಾರ್ಥನೆ ಮಾಡುವಾಗ ಚಿಕ್ಕದಾಗಿ, ಮನೆಮಾತಿನಲ್ಲಿ ಮಾಡುತ್ತೇನೆ. ರೋಗಿಯ ಹೆಸರು, ಡಾಕ್ಟರ ಕೈ, ರಾತ್ರಿ ಪಾಳಿಯ ಸಿಸ್ಟರ್, ಊರಲ್ಲಿರುವ ಮಕ್ಕಳು ಎಲ್ಲ ಬರಬೇಕು. ವಾಸಿಯಾಗುತ್ತದೆ ಅಂತ ಭರವಸೆ ಕೊಡುವುದಿಲ್ಲ, ಮಾತ್ರೆ ಬಿಡಿ ಅಂತ ಯಾವತ್ತೂ ಹೇಳುವುದಿಲ್ಲ. ಹಾಗೆ ಹೇಳುವವರ ಬಗ್ಗೆ ನನಗೆ ತುಂಬ ಸಿಟ್ಟಿದೆ. ಕ್ಯಾನ್ಸರ್ ಕೈಮೀರಿದವರ ವಿಷಯದಲ್ಲಿ ಬಲಪುಟ ಖಾಲಿಯೇ ಉಳಿಯುತ್ತದೆ. ಆಗ ಅಲ್ಲಿ "ಹೋಗಿ ಕೂರುವುದು" ಅಂತ ಬರೆಯುತ್ತೇವೆ, ಹೋಗಿ ಕೂರುತ್ತೇವೆ.

ನಿಮ್ಮ ಸಭೆಯಲ್ಲೂ ಶುರು ಮಾಡಬೇಕು ಅಂತಿದ್ದರೆ ರಕ್ತದಾನಿಗಳ ಪಟ್ಟಿಯಿಂದ ಶುರು ಮಾಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಒಬ್ಬರು ನಿಂತು ಹೆಸರು, ಗುಂಪು, ಫೋನ್ ನಂಬರ್ ಬರೆದುಕೊಂಡರೆ ಸಾಕು. 18 ವರ್ಷ ಆಗಿ 45 ಕಿಲೋ ತೂಕ ಇರುವ ಆರೋಗ್ಯವಂತರು ಕೊಡಬಹುದು, ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ಮಳೆಗಾಲಕ್ಕೆ ಮುಂಚೆಯೇ ಮಾಡಿ. ಡೆಂಗ್ಯೂ ಬಂದಾಗ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕೇಳುತ್ತಾರೆ, ಅದನ್ನು 5 ದಿನಕ್ಕಿಂತ ಜಾಸ್ತಿ ಇಡಲು ಆಗುವುದಿಲ್ಲ, ಫೋನ್ ಮಾಡಿದ ತಕ್ಷಣ ಹೊರಡುವ ಜನ ಬೇಕು.